ಆರೈಕೆಯ ಕೈಗೆ ಬರುವ ಮಾತುಗಳು

ಮದುವೆ ಊಟದ ಪಂಕ್ತಿಯಲ್ಲಿ ಮಾತು ಶುರುವಾಗುವುದು ಬಹುತೇಕ ಹೀಗೆಯೇ. "ಏನ್ ಓದ್ಲತ್ತಿ ತಂಗಿ?" "ನರ್ಸಿಂಗ್ ರೀ ಕಾಕಾ, ಜಿಎನ್‌ಎಂ ಎರಡನೇ ವರ್ಷ." ಕಾಕಾ ಒಂದು ಗಳಿಗೆ ಸುಮ್ಮನಾಗುತ್ತಾರೆ. ಪಕ್ಕದವರ ಮುಖ ನೋಡುತ್ತಾರೆ. "ಬ್ಯಾರೆ ಯಾವ್ದೂ ಸಿಗ್ಲಿಲ್ಲೇನು? ಮಂದೀದ್ ಹೇಲು ಉಚ್ಚಿ ಬಳಿಯೋ ಕೆಲ್ಸ ಅದು." ಹುಡುಗಿ ಎಲೆಯ ಮೇಲಿನ ಹುಗ್ಗಿಯನ್ನು ಬೆರಳಿಂದ ಆಚೀಚೆ ಸರಿಸುತ್ತಾಳೆ. ಮನೆಗೆ ಹೋಗುವ ದಾರಿಯಲ್ಲಿ ಅವಳ ಅವ್ವನೂ ಮೌನ.

ಬೀದರ್ ತಾಲ್ಲೂಕಿನ ಮನ್ನಳ್ಳಿಯಿರಲಿ, ಭಾಲ್ಕಿಯಿರಲಿ, ಔರಾದ್ ಇರಲಿ, ಈ ಸಂಭಾಷಣೆಗೆ ದೊಡ್ಡ ವ್ಯತ್ಯಾಸವಿಲ್ಲ. ಗಡಿಯ ಈ ಊರುಗಳಿಂದ ಹೆಣ್ಣುಮಕ್ಕಳು, ಈಚೆಗೆ ಗಂಡುಮಕ್ಕಳೂ, ಆರೈಕೆಯ ಕೆಲಸ ಹಿಡಿದು ಹೊರಡುತ್ತಾರೆ. ಮನ್ನಳ್ಳಿ ಕಡೆಯವರಿಗೆ ಜಹೀರಾಬಾದ್, ಹೈದರಾಬಾದ್ ಹತ್ತಿರ. ಔರಾದ್, ಭಾಲ್ಕಿಯವರಿಗೆ ಉದಗೀರ್, ಲಾತೂರ್. ಕೆಲವರು ದೊಡ್ಡ ದವಾಖಾನೆಯ ಸ್ಟಾಫ್ ನರ್ಸ್ ಆಗುತ್ತಾರೆ. ಕೆಲವರು ಏಜೆನ್ಸಿಯ ಮೂಲಕ ಯಾರದೋ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುತ್ತಾರೆ. ಊರಲ್ಲೇ ಉಳಿದವರು ಆಶಾ ಕಾರ್ಯಕರ್ತೆಯರಾಗಿ, ಅಂಗನವಾಡಿ ಟೀಚರಾಗಿ ಮನೆಮನೆ ತಿರುಗುತ್ತಾರೆ. ಇವರೆಲ್ಲರೂ, ಇವರನ್ನು ಓದಿಸಿದ ತಂದೆತಾಯಿಯೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಆಡಿಕೊಳ್ಳುವವರಿಗೆ ಏನು ಹೇಳುವುದು?

ಉತ್ತರಕ್ಕಿಂತ ಮೊದಲು ಆ ಮಾತುಗಳನ್ನು ಕಾಳು ಹಸನು ಮಾಡಿದಂತೆ ಮೊರಕ್ಕೆ ಹಾಕಿ ಬೇರ್ಪಡಿಸಬೇಕು. ಆರೈಕೆಯ ಕೆಲಸದ ಬಗ್ಗೆ ಬರುವ ಟೀಕೆಯೆಲ್ಲ ಒಂದೇ ಜಾತಿಯದಲ್ಲ. "ಹೊಲಸು ಕೆಲಸ" ಎನ್ನುವುದು ಒಂದು. "ಪಗಾರ ಎಷ್ಟು ಕೊಡ್ತಾರ?" ಎನ್ನುವುದು ಇನ್ನೊಂದು. "ರಾತ್ರಿ ಡ್ಯೂಟಿ, ಹೆಣ್ಣುಹುಡುಗಿ, ನಾಳೆ ಮದುವಿ ಹೆಂಗ?" ಎನ್ನುವುದು ಮೂರನೆಯದು. ಮೂರಕ್ಕೂ ಒಂದೇ ಉತ್ತರ ಕೊಡಹೋದವರು ಜಗಳಕ್ಕಿಳಿಯುತ್ತಾರೆ, ಇಲ್ಲವೇ ಅಳುತ್ತಾರೆ.

ಮೊದಲನೆಯದನ್ನೇ ನೋಡೋಣ. ಹೊಲಸು ಎಂಬ ಮಾತಿನ ಬೇರು ಆಳದಲ್ಲಿದೆ. ಮೈಯಿಂದ ಹೊರಬರುವ ಎಲ್ಲವನ್ನೂ ಮೈಲಿಗೆ ಎಂದು, ಅದನ್ನು ಮುಟ್ಟುವವರನ್ನು ಕೀಳೆಂದು ಎಣಿಸಿದ ಸಮಾಜ ಇದು. ಸೂಲಗಿತ್ತಿ ಮಗುವನ್ನು ಹೊರತೆಗೆಯಬೇಕು, ಆದರೆ ಅವಳಿಗೆ ನಡುಮನೆಯಲ್ಲಿ ಕೂರಲು ಜಾಗವಿಲ್ಲ ಎಂಬ ರೂಢಿ ಎಷ್ಟೋ ಊರುಗಳಲ್ಲಿತ್ತು. ಸ್ವಾತಂತ್ರ್ಯಕ್ಕೆ ಮುಂಚೆ ನರ್ಸಿಂಗ್ ಕಲಿಯಲು ಮುಂದೆ ಬಂದವರಲ್ಲಿ ಹೆಚ್ಚಿನವರು ಕ್ರೈಸ್ತ ಹೆಣ್ಣುಮಕ್ಕಳು. ಉಳಿದ ಮನೆಗಳವರು ಮಗಳನ್ನು ಕಳಿಸಲು ಹಿಂಜರಿದರು. ಆ ಹಿಂಜರಿಕೆಯ ಬೆಲೆಯನ್ನು ದೇಶ ತೆತ್ತಿತು. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಭಾರತದಲ್ಲಿ ಸುಮಾರು 6,000 ಜನರಿಗೆ ಒಬ್ಬ ಡಾಕ್ಟರಿದ್ದರೆ, ನರ್ಸ್ ಇದ್ದದ್ದು 43,000 ಜನರಿಗೆ ಒಬ್ಬರು.

ಇದೇ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಬೇರೆಯೇ ಒಂದು ಲೆಕ್ಕ ಬರೆಯಲಾಗಿತ್ತು. ಅಲ್ಲಿ ಸೇರಿದ ಶರಣರ ಕಸುಬುಗಳು ಅವರ ಹೆಸರಿನ ಮುಂದೆ ನಿಂತವು: ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ವೈದ್ಯ ಸಂಗಣ್ಣ. ಮಂದಿಯ ಮೈಲಿಗೆ ಬಟ್ಟೆ ಒಗೆಯುವ ಕೆಲಸ ಬಚ್ಚಿಡಬೇಕಾದ ಗುಟ್ಟಾಗಿರಲಿಲ್ಲ, ಅದೇ ಗುರುತಾಗಿತ್ತು. ಕಾಯಕದಲ್ಲಿ ಮೇಲು ಕೀಳು ಇಲ್ಲ ಎಂದು ಬಸವ ಜಯಂತಿಯ ವೇದಿಕೆಯಲ್ಲಿ ಕೇಳಿ ತಲೆದೂಗುವ ಜಿಲ್ಲೆಯಲ್ಲಿ, ನರ್ಸಿಂಗ್ ಓದುವ ಹುಡುಗಿ ಮದುವೆ ಪಂಕ್ತಿಯಲ್ಲಿ ತಲೆ ತಗ್ಗಿಸಬೇಕಾಗಿರುವುದು ನೋವಿನ ಸಂಗತಿ.

ಆದರೆ ಕಾಕಾನಿಗೆ ಶರಣರ ಹೆಸರು ಹೇಳಿದರೆ ಸಾಲದು. ಕೆಲಸ ಎಂಥದ್ದು ಎಂಬುದನ್ನೇ ಹೇಳಬೇಕು. ಯಾಕೆಂದರೆ ಹೊಲಸು ಎನ್ನುವವರಿಗೆ ಕಾಣುವುದು ಬಳಿಯುವ ಕೈ ಮಾತ್ರ. ಆ ಕೈಯ ಹಿಂದಿನ ತಿಳಿವಳಿಕೆ ಅವರ ಕಣ್ಣಿಗೆ ಬಿದ್ದಿಲ್ಲ.

ಆ ತಿಳಿವಳಿಕೆ ಎಷ್ಟು ದೊಡ್ಡದು ಎಂಬುದಕ್ಕೆ ಕನ್ನಡ ನಾಡಿನ ಹೆಣ್ಣುಮಗಳೊಬ್ಬರ ಬದುಕಿನಲ್ಲೇ ಸಾಕ್ಷಿಯಿದೆ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರ ಸಂಜೆ ಆಸ್ಪತ್ರೆಯೊಳಗೇ ಅವರ ಮೇಲೆ ಭೀಕರ ದಾಳಿ ನಡೆಯಿತು. ಮಿದುಳಿಗೆ ರಕ್ತ ನಿಂತು, ಅವರು ಮತ್ತೆ ಎಚ್ಚೆತ್ತು ಮಾತಾಡಲೇ ಇಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ಅಂದರೆ 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ನಾಲ್ಕನೇ ವಾರ್ಡಿನ ಪಕ್ಕದ ಕೋಣೆಯಲ್ಲಿ ನರ್ಸುಗಳು ಅವರನ್ನು ನೋಡಿಕೊಂಡರು. ಒಂದು ತಲೆಮಾರಿನ ಸಿಸ್ಟರ್‌ಗಳು ನಿವೃತ್ತರಾದರು, ಮುಂದಿನವರು ಆ ಪಾಳಿ ಹಿಡಿದರು.

ಆ ನರ್ಸುಗಳೂ ಟೀಕೆ ಕೇಳಿದವರೇ. ಒಂದು ಹಾಸಿಗೆ ಸುಮ್ಮನೆ ತುಂಬಿಕೊಂಡಿದೆ ಎಂಬ ಲೆಕ್ಕಾಚಾರದಲ್ಲಿ 1980ರ ದಶಕದಲ್ಲಿ ಅರುಣಾ ಅವರನ್ನು ಆಸ್ಪತ್ರೆಯಿಂದ ಹೊರಗೆ ಸಾಗಿಸುವ ಪ್ರಯತ್ನಗಳಾದವು. ನರ್ಸುಗಳು ಪ್ರತಿಭಟಿಸಿದರು, ಆ ಯೋಚನೆ ಬಿದ್ದುಹೋಯಿತು. ಮುಂದೆ ಪತ್ರಕರ್ತೆ ಪಿಂಕಿ ವಿರಾನಿ ಅವರು, ಇಂಥ ಬದುಕಿಗೆ ಘನತೆಯ ಕೊನೆ ಸಿಗಬೇಕು ಎಂದು ಸುಪ್ರೀಂ ಕೋರ್ಟಿಗೆ ಹೋದರು. ಅದೂ ಕಾಳಜಿಯಿಂದಲೇ ಹುಟ್ಟಿದ ವಾದ. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯ, ಕೆಲವು ಕಟ್ಟುನಿಟ್ಟಿನ ಸಂದರ್ಭಗಳಲ್ಲಿ ಚಿಕಿತ್ಸೆ ನಿಲ್ಲಿಸಲು ದಾರಿ ತೆರೆಯಿತಾದರೂ ಅರುಣಾ ವಿಷಯದಲ್ಲಿ ಆ ಕೋರಿಕೆಯನ್ನು ಒಪ್ಪಲಿಲ್ಲ. ದಿನವೂ ಅವರ ಜೊತೆಗಿದ್ದವರು ಕೆಇಎಂ ಸಿಬ್ಬಂದಿ, ಅವರು ಅರುಣಾ ಬದುಕಿರಲಿ ಎನ್ನುತ್ತಿದ್ದಾರೆ ಎಂಬುದಕ್ಕೆ ನ್ಯಾಯಾಲಯ ತೂಕ ಕೊಟ್ಟಿತು. ಅಷ್ಟು ವರ್ಷ ಮಲಗಿದ್ದರೂ ಅವರ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗಿಲ್ಲ ಎಂಬುದು ತೀರ್ಪಿನಲ್ಲೇ ದಾಖಲಾಯಿತು.

ಒಂದು ಹುಣ್ಣೂ ಇಲ್ಲ. ಈ ಮಾತಿನ ತೂಕ ಮನೆಯಲ್ಲಿ ಲಕ್ವಾ ಹೊಡೆದ ಹಿರಿಯರನ್ನು ಇಟ್ಟುಕೊಂಡವರಿಗೆ ಗೊತ್ತು. ಮಲಗಿದ ಮನುಷ್ಯನ ಭಾರವೆಲ್ಲ ಮೂಳೆ ಚಾಚಿದ ಕಡೆ ಬೀಳುತ್ತದೆ: ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಭುಜದ ಹಿಂಭಾಗ. ಅಲ್ಲಿ ಚರ್ಮ ಒತ್ತಿ ರಕ್ತ ಹರಿಯುವುದು ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಚರ್ಮ ಕೆಂಪಾಗುತ್ತದೆ, ಹಾಗೇ ಬಿಟ್ಟರೆ ಒಡೆಯುತ್ತದೆ, ಕೊನೆಗೆ ಮೂಳೆಯವರೆಗೆ ಕೊಳೆಯುತ್ತದೆ. ತಡೆಯಲು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಗಲೂ ರಾತ್ರಿಯೂ. ಹಾಗೆ ಹೊರಳಿಸುವಾಗ ಎಳೆಯಬಾರದು, ಎತ್ತಬೇಕು. ಎಳೆದರೆ ಚರ್ಮ ಉಜ್ಜಿ ಸುಲಿಯುತ್ತದೆ. ಉಚ್ಚೆಯ ತೇವ ಮೈಗೆ ಅಂಟಿರಬಾರದು. ಅಂದರೆ ಕಾಕಾ ಹೊಲಸು ಎಂದ ಆ ಬಳಿಯುವ ಕೆಲಸವೇ ಹುಣ್ಣನ್ನು ತಡೆಯುವ ಮೊದಲ ಔಷಧ. ಉಣಿಸುವಾಗಲೂ ಹಾಗೆ: ಮಲಗಿಸಿಯೇ ಗಂಜಿ ಹಾಕಿದರೆ ಅನ್ನ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಎಬ್ಬಿಸಿ ಕೂರಿಸಿ, ಸಣ್ಣ ತುತ್ತು ಕೊಟ್ಟು, ನುಂಗಿದ್ದನ್ನು ನೋಡಿ, ಆಮೇಲೂ ಅರ್ಧ ಗಂಟೆ ತಲೆ ಎತ್ತರಿಸಿಯೇ ಇಡಬೇಕು. ಉಚ್ಚೆಯ ನಳಿಕೆ ಹಾಕಿದ್ದರೆ ಅದರ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಬೇಕು.

ಹೀಗೆ ಬಿಡಿಸಿ ಹೇಳಿದರೆ ಕೇಳುವವರ ಮುಖಭಾವ ಬದಲಾಗುತ್ತದೆ. "ಸೇವೆ ಮಾಡ್ತೀನ್ರಿ" ಎಂದಾಗ ಆಗದ ಬದಲಾವಣೆ "ಬೆನ್ನಿಗೆ ಹುಣ್ಣು ಆಗದ್ಹಂಗ ನೋಡ್ಕೊಳ್ಳೋದು ಕಲ್ತೀನ್ರಿ ಕಾಕಾ" ಎಂದಾಗ ಆಗುತ್ತದೆ.

ಸೇವೆ ಎಂಬ ಪದದ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು, ಯಾಕೆಂದರೆ ಎರಡನೆಯ ಟೀಕೆ, ಅಂದರೆ ಪಗಾರದ ಮಾತು, ಅದಕ್ಕೇ ಅಂಟಿಕೊಂಡಿದೆ. ನರ್ಸ್‌ಗಳನ್ನು ದೇವತೆ ಎನ್ನುವ ಹೊಗಳಿಕೆಗೂ, ಹೊಲಸು ಬಳಿಯುವವರು ಎನ್ನುವ ತೆಗಳಿಕೆಗೂ ಹೊರನೋಟಕ್ಕೆ ಅಜಗಜಾಂತರ. ಒಳಗೆ ಎರಡೂ ಒಂದೇ ತಪ್ಪು ಮಾಡುತ್ತವೆ. ಈ ಕೆಲಸ ಕಲಿತು ಮಾಡುವ ಕಸುಬು, ಅದಕ್ಕೆ ಕೂಲಿಯಿದೆ, ಪಾಳಿಯಿದೆ, ವಿಶ್ರಾಂತಿಯ ಹಕ್ಕಿದೆ ಎಂಬುದನ್ನು ಎರಡೂ ಮರೆಸುತ್ತವೆ. ದೇವತೆಗೆ ಸಂಬಳದ ಚೀಟಿ ಯಾಕೆ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಸಂಬಳ ಕೊಡುವ ಹೊತ್ತಿಗೆ ಹಾಗೇ ನಡೆದುಕೊಳ್ಳುತ್ತಾರೆ.

ಆಶಾ ಕಾರ್ಯಕರ್ತೆಯರ ಕತೆ ನೋಡಿ. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಇವರನ್ನು ಊರೂರಿಗೆ ತಂದಿತು. ದವಾಖಾನೆಯಲ್ಲಿ ಹೆರಿಗೆಯಾದ ಮಗುವಿನ ಮನೆಗೆ ಇವರು 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಹೆರಿಗೆ ಮನೆಯಲ್ಲೇ ಆಗಿದ್ದರೆ ಮೊದಲ ದಿನದ್ದೂ ಸೇರಿ 7 ಭೇಟಿ. ಕೂಸಿನ ತೂಕ ನೋಡಬೇಕು, ಮೈಯ ಬಿಸಿ ನೋಡಬೇಕು, ಹೊಕ್ಕುಳು ನೋಡಬೇಕು, ಬಾಣಂತಿಗೆ ಹಾಲು ಬರುತ್ತಿದೆಯೇ ಎಂದು ಕೇಳಬೇಕು. ಇಷ್ಟೂ ಭೇಟಿಗೆ ಸೇರಿ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟು ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಇದೇ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕುಳಿತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆ ಬಂದ ಮೇಲೆಯೇ ಎದ್ದದ್ದು. ಪ್ರಶಸ್ತಿಗೂ ಆ ಧರಣಿಗೂ ನಡುವೆ 3 ವರ್ಷವೂ ಕಳೆದಿರಲಿಲ್ಲ.

ಖಾಸಗಿ ಆಸ್ಪತ್ರೆಯ ನರ್ಸ್‌ಗಳದ್ದೂ ಇಂಥದ್ದೇ ಸ್ಥಿತಿ. ಅವರ ಸಂಬಳದ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2016ರ ಜನವರಿಯಲ್ಲಿ ನ್ಯಾಯಾಲಯ ಸಮಿತಿಯೊಂದನ್ನು ನೇಮಿಸುವಂತೆ ಕೇಂದ್ರಕ್ಕೆ ಹೇಳಿತು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200 ಹಾಸಿಗೆಗಿಂತ ದೊಡ್ಡದಾದರೆ ಸರ್ಕಾರಿ ನರ್ಸ್‌ನಷ್ಟೇ ಸಂಬಳ ಕೊಡಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ಅಂಗನವಾಡಿಯವರಿಗೆ ಸ್ವಲ್ಪ ಗೆಲುವು ಸಿಕ್ಕಿದೆ: ಅವರು ಗ್ರಾಚ್ಯುಟಿಗೆ ಅರ್ಹರು ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ "ಇಷ್ಟು ಓದಿ ಇಷ್ಟೇ ಪಗಾರೇನು?" ಎಂದು ಯಾರಾದರೂ ಕೇಳಿದರೆ ಅದನ್ನು ಅವಮಾನ ಎಂದು ತಿಳಿಯಬೇಕಿಲ್ಲ. ಆ ಪ್ರಶ್ನೆ ಸರಿಯಾದದ್ದೇ. ಅದು ಮುಟ್ಟಬೇಕಾದ ವಿಳಾಸ ಬೇರೆ. "ಖರೆ ಅದ ರೀ, ಕಮ್ಮಿ ಅದ. ಅದಕ್ಕೇ ಸಂಘದವ್ರ ಕೂಡ ಕೇಳ್ಲತ್ತೀವಿ" ಎಂದರೆ ಟೀಕಿಸಿದವರೇ ಪಕ್ಕಕ್ಕೆ ಬಂದು ನಿಲ್ಲುವ ಸಾಧ್ಯತೆಯಿದೆ.

ಮೂರನೆಯ ಬಗೆಯ ಮಾತು ಅಪ್ಪ ಅವ್ವನಿಂದ ಬರುತ್ತದೆ, ಅದಕ್ಕೇ ಹೆಚ್ಚು ನೋಯಿಸುತ್ತದೆ. ರಾತ್ರಿ ಪಾಳಿ, ಪರ ಊರು, ಗಂಡಸರ ವಾರ್ಡು, ಗುರುತಿಲ್ಲದ ಮನೆ. ಮಗಳಿಗೆ ಇದು ಅನುಮಾನದಂತೆ ಕೇಳಿಸುತ್ತದೆ. ಬಹಳ ಸಲ ಅದು ಹೆದರಿಕೆ. ಹೆದರಿಕೆ ಸುಳ್ಳಲ್ಲ ಎಂಬುದಕ್ಕೆ ಅರುಣಾ ಶಾನಭಾಗರ ಬದುಕೇ ಸಾಕ್ಷಿ. ಅವರ ಮೇಲೆ ದಾಳಿಯಾದಾಗ ಮುಂಬೈಯ ನರ್ಸ್‌ಗಳು ಕೆಲಸ ನಿಲ್ಲಿಸಿ ರಕ್ಷಣೆ ಕೇಳಿದ್ದರು. ಕೋವಿಡ್ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆಗಳಾದಾಗ, 2020ರ ಏಪ್ರಿಲ್‌ನಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ಅಂಥ ಹಲ್ಲೆಯನ್ನು ಜಾಮೀನುರಹಿತ ಅಪರಾಧ ಮಾಡಬೇಕಾಯಿತು. ಹಾಗಿರುವಾಗ "ನಿಮಗ ನನ್ನ ಮ್ಯಾಲ ನಂಬಿಗಿಲ್ಲ" ಎಂದು ಬಾಗಿಲು ಹಾಕಿಕೊಳ್ಳುವುದಕ್ಕಿಂತ, ಹೆದರಿಕೆಯನ್ನು ಕೇಳಿಸಿಕೊಂಡು ಅದಕ್ಕೆ ಒಂದೊಂದಾಗಿ ಉತ್ತರ ಕೊಡುವುದು ಒಳ್ಳೆಯದು. ಪಾಳಿ ಮುಗಿದ ಮೇಲೆ ಹಾಸ್ಟೆಲಿಗೆ ಗಾಡಿ ಯಾರು ಬಿಡುತ್ತಾರೆ, ಜೊತೆಗೆ ಯಾರಿರುತ್ತಾರೆ, ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ನಂಬರ್ ಯಾವುದು. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾನೂನು ಹೇಳುತ್ತದೆ. ಮನೆಗಳಲ್ಲಿ ದುಡಿಯುವವರಿಗಾಗಿ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇರಬೇಕು. ಮಹಿಳಾ ಸಹಾಯವಾಣಿ 181. ಇಷ್ಟನ್ನು ಅಪ್ಪನ ಮುಂದಿಟ್ಟ ಮಗಳಿಗೆ ಅಪ್ಪನೇ ಬಸ್ ಸ್ಟ್ಯಾಂಡಿನವರೆಗೆ ಚೀಲ ಹೊತ್ತು ತರುತ್ತಾನೆ.

ಈ ಮೂರಕ್ಕೂ ಸೇರದ ಇನ್ನೊಂದು ಬಗೆ ಇದೆ: ಕೆಲಸದ ಬಗ್ಗೆಯೇ ಬರುವ ದೂರು. "ನಮ್ಮ ಮುತ್ಯಾನ್ನ ಸರಿ ನೋಡ್ಕೊಳ್ಳಲಿಲ್ಲ", "ಗುಳಿಗಿ ತಪ್ಪಿಸಿದ್ರಿ". ಇದನ್ನು ಮಾತ್ರ ಊರಿನ ಕುಹಕದ ಜೊತೆ ಸೇರಿಸಿ ತಳ್ಳಿಹಾಕಬಾರದು. ಇದಕ್ಕೆ ಮದ್ದು ಬರೆದಿಡುವುದು. ಎಷ್ಟು ಹೊತ್ತಿಗೆ ಮಗ್ಗುಲು ಬದಲಿಸಿದ್ದು, ಎಷ್ಟು ನೀರು ಕುಡಿದದ್ದು, ಯಾವ ಗುಳಿಗೆ ಯಾವಾಗ, ಚರ್ಮ ಎಲ್ಲಿ ಕೆಂಪಾಗಿದೆ. 1854ರಲ್ಲಿ 38 ಹೆಂಗಸರ ತಂಡದೊಂದಿಗೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಸೇನೆಯ ಡಾಕ್ಟರರು ಬರಮಾಡಿಕೊಳ್ಳಲಿಲ್ಲ. ಅದಕ್ಕೂ ಮುಂಚೆ ಮನೆಯವರೂ ಈ ಕಸುಬು ಬೇಡವೆಂದು ಅಡ್ಡ ನಿಂತಿದ್ದರು. ಅವರು ಸಾವಿನ ಲೆಕ್ಕ ಬರೆದಿಟ್ಟರು. ಗಾಯಕ್ಕಿಂತ ಹೆಚ್ಚು ಸೈನಿಕರು ತಡೆಯಬಹುದಾದ ರೋಗಗಳಿಂದ ಸತ್ತರೆಂದು 1858ರಲ್ಲಿ ಚಿತ್ರ ಬರೆದು ತೋರಿಸಿದರು. ದೀಪ ಹಿಡಿದ ಹೆಂಗಸಿನ ಪಟ ಎಲ್ಲ ನರ್ಸಿಂಗ್ ಕಾಲೇಜಿನ ಗೋಡೆಯ ಮೇಲಿದೆ. ಲೆಕ್ಕದ ಪುಸ್ತಕ ಹಿಡಿದ ಹೆಂಗಸಿನ ಪಟವೂ ಅದರ ಪಕ್ಕ ಬೇಕು.

ಬರೆಯಲು ಬಾರದವರ ಕೈಯಲ್ಲೂ ಈ ವಿದ್ಯೆ ಎಷ್ಟು ಎತ್ತರ ಮುಟ್ಟಿತ್ತು ಎಂಬುದಕ್ಕೆ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಇದ್ದಾರೆ. ಅಜ್ಜಿಯಿಂದ ಕಲಿತ ಕಸುಬನ್ನು ಹಿಡಿದು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಹಣ ಮುಟ್ಟದವರು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಸೂಲಗಿತ್ತಿ ಎಂಬ ಕಸುಬಿನ ಹೆಸರು ಅವರ ಹೆಸರಿನ ಮುಂದೆ, ಶರಣರ ಹೆಸರಿನ ಮುಂದೆ ನಿಂತಂತೆಯೇ, ಬಿರುದಾಗಿ ನಿಂತಿತು. ಅವರು ಹಣ ಮುಟ್ಟದೇ ಇದ್ದದ್ದು ಅವರ ದೊಡ್ಡತನ. ಅದನ್ನು ಇವತ್ತಿನ ನರ್ಸ್ ಮುಂದೆ ಹಿಡಿದು "ನೋಡು, ಅವರು ಕಾಸು ಕೇಳಲಿಲ್ಲ" ಎನ್ನುವುದು ಅವರಿಗೂ ನ್ಯಾಯವಲ್ಲ, ಇವಳಿಗೂ ನ್ಯಾಯವಲ್ಲ.

ಗಂಡುಹುಡುಗರಿಗೆ ಬೀಳುವ ಮಾತು ಇನ್ನೂ ಒರಟು. ವಾರ್ಡಿನಲ್ಲಿ ಎಲ್ಲರೂ ಬ್ರದರ್ ಎಂದು ಕರೆಯುವ ಹುಡುಗನನ್ನು ಊರಲ್ಲಿ "ಹೆಂಗಸರ ಕೆಲ್ಸಕ್ಕ ಹೋಗ್ಯಾನ" ಎನ್ನುತ್ತಾರೆ. ಇದು ಹೆಂಗಸರ ಕೆಲಸ ಎಂಬ ಲೆಕ್ಕ ಬಂದದ್ದು ಮನೆಯಿಂದ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಮಕ್ಕಳು, ಮುದುಕರು, ಕಾಯಿಲೆಯವರ ಆರೈಕೆಗೆ ಹೆಂಗಸರದ್ದು 134 ನಿಮಿಷ, ಗಂಡಸರದ್ದು 76. ಮನೆಯೊಳಗೆ ಬಿಟ್ಟಿಯಾಗಿ ಸಿಗುತ್ತಿದ್ದ ಕೆಲಸಕ್ಕೆ ಹೊರಗೆ ಯಾರಾದರೂ ಹಣ ಕೇಳಿದಾಗ ಜನಕ್ಕೆ ವಿಚಿತ್ರವಾಗಿ ಕಾಣುತ್ತದೆ. ಮೂರೂ ಬಗೆಯ ಟೀಕೆಗಳ ಕೆಳಗೆ ಹರಿಯುವ ನೀರು ಇದೇ.

ಅದಕ್ಕೇ ಈ ಅಂಕಣದ ಸಲಹೆ ಟೀಕೆ ಕೇಳುವವರಿಗಿಂತ ಟೀಕಿಸುವ ಮನೆಗಳಿಗೆ ಹೆಚ್ಚು. ಮನ್ನಳ್ಳಿಯಲ್ಲಾಗಲಿ ಭಾಲ್ಕಿಯಲ್ಲಾಗಲಿ, ಹಾಸಿಗೆ ಹಿಡಿದ ಆಯಿಯೋ ಮುತ್ಯಾನೋ ಇರುವ ಮನೆಯಲ್ಲಿ, ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಮಂಚದ ಪಕ್ಕದ ಗೋಡೆಗೆ ಅಂಟಿಸಿ. ಎಡಗಡೆ ಹೊತ್ತು ಬರೆಯಿರಿ: ಬೆಳಿಗ್ಗೆ 6, 8, 10, ಹೀಗೆ ಮರುದಿನ ಬೆಳಿಗ್ಗೆ 4ರವರೆಗೆ, ಒಟ್ಟು 12 ಸಾಲು. ಬಲಗಡೆ ಆ ಹೊತ್ತಿಗೆ ಮಗ್ಗುಲು ಬದಲಿಸಿ ಬಟ್ಟೆ ತೇವವಿದೆಯೇ ಎಂದು ನೋಡಿದವರ ಹೆಸರು. ಒಂದು ವಾರ ಹೀಗೆ ನಡೆಸಿ, ಮನೆಯ ಗಂಡಸರ ಹೆಸರೂ ಅದರಲ್ಲಿ ಇರಲಿ. ಮುಂದಿನ ಮದುವೆಗೆ ನರ್ಸಿಂಗ್ ಓದುವ ಹುಡುಗಿ ಸಿಕ್ಕಾಗ ಆ ಹಾಳೆಯನ್ನು ಅವಳಿಗೆ ತೋರಿಸಿ. ಅವಳು ಮೊದಲು ನೋಡುವುದು ಮಧ್ಯರಾತ್ರಿ 12, 2 ಮತ್ತು 4ರ ಸಾಲುಗಳನ್ನು. ಆಮೇಲೆ ಆಯಿಯ ಹಿಮ್ಮಡಿ ಹೇಗಿದೆ ಎಂದು ಕೇಳುತ್ತಾಳೆ.